ಹುಳುಮನೆಯ ಮಳೆಸದ್ದು

ಬೆಳಿಗ್ಗೆ ಹುಳುಮನೆಗೆ ಕಾಲಿಟ್ಟ ಆದಿಲಕ್ಷ್ಮಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಸೊಪ್ಪು ಮೇಯುವಾಗ ಸೋನೆಮಳೆಯಂತೆ ಸದ್ದು ಮಾಡುತ್ತಿದ್ದ ರೇಷ್ಮೆಹುಳುಗಳು ಗಪ್‌ಚಿಪ್ಪಾಗಿದ್ದವು.

"ಏನ್ರೀ, ಬನ್ರೀ! ಹುಳ ಎಲ್ಲಾ ಸತ್ತೋದ್ವು!"

ಓಡಿಬಂದ ಗಂಡ ಮುನಿವೆಂಕಟಪ್ಪ ತಟ್ಟೆಯ ಸೊಪ್ಪು ಸರಿಸಿ, ಗಬಗಬನೆ ಮೇಯುತ್ತಿದ್ದ ಹುಳುಗಳನ್ನು ತೋರಿಸಿದ. ಅವನ ಬಾಯಿ ಆಡುತ್ತಿತ್ತು, ಮಾತು ಕೇಳಲಿಲ್ಲ. ತನ್ನ ಕೂಗೂ ಅವಳಿಗೆ ಕೇಳಿರಲಿಲ್ಲ.

ಆಸ್ಪತ್ರೆಗೆಂದು ಅವನು ಬೈಕ್ ತೆಗೆದರೆ ಅವಳು ಹತ್ತಲಿಲ್ಲ.

"ಮೊದ್ಲು ಹುಳ ಗೂಡು ಕಟ್ಲಿ. ಕಿವಿಯೇನ್ ಓಡೋಗ್ತದಾ?"

ಗೂಡು ಮಾರಿ, ಹದಿನೈದನೇ ದಿನ ಹೋದಾಗ ಚಿಕ್ಕಬಳ್ಳಾಪುರದ ಡಾಕ್ಟರು ಚೀಟಿಯಲ್ಲಿ ಬರೆದು ತೋರಿಸಿದರು: "ಅವತ್ತೇ ಬರಬೇಕಿತ್ತಮ್ಮ. ಇಂಜೆಕ್ಷನ್ ಕೊಟ್ಟು ನೋಡೋಣ."

ಇಂಜೆಕ್ಷನ್ನುಗಳು ಮುಗಿದವು. ಹೊಸ ಹುಳುಗಳು ಬಂದವು. ಆದಿಲಕ್ಷ್ಮಮ್ಮ ದಿನಾ ತಟ್ಟೆಗೆ ಕಿವಿಗೊಟ್ಟು ನಿಲ್ಲುತ್ತಾಳೆ. ಅವಳ ಕಣ್ಣೆದುರೇ ಸೊಪ್ಪು ಖಾಲಿಯಾಗುತ್ತದೆ.