ಹಂಚಿಕೊಳ್ಳಬಾರದ ಮಾತ್ರೆ

ಹಿರಿಯೂರಿನಿಂದ ಹೊಸದುರ್ಗ, ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಸುಪ್ರಿಯಾ ಕಂಡಕ್ಟರ್. ಗಟ್ಟಿ ದನಿಯ ಹುಡುಗಿ. ಎಂಥ ನೂಕುನುಗ್ಗಲಿನಲ್ಲೂ ಹಿಂದಿನ ಸೀಟಿನವರೆಗೆ ನುಸುಳಿ ಟಿಕೆಟ್ ಕೊಟ್ಟು ಬರುತ್ತಿದ್ದಳು. ದಿನವೂ ಓಡಾಡುವ ಜನಕ್ಕೆ ಅವಳೆಂದರೆ ಇಷ್ಟ. ಇಷ್ಟ ಇದ್ದುದರಿಂದಲೇ ಅವಳ ಮುಖಕ್ಕೆ ಔಷಧಿ ಹೇಳುವ ಹಕ್ಕೂ ತಮಗಿದೆ ಎಂದುಕೊಂಡಿದ್ದರು.

ಅವಳದು ಹರೆಯಕ್ಕೆ ಬಂದು ಹೋಗುವಂಥ ಮೊಡವೆಯಾಗಿರಲಿಲ್ಲ. ಕೆನ್ನೆ, ದವಡೆ, ಕತ್ತಿನ ತನಕ ಕಡಲೆಕಾಳಿನಂಥ ಕೆಂಪು ಗಂಟುಗಳು. ಒಳಗೇ ಕೀವು ಕಟ್ಟಿ, ದಿಂಬಿಗೆ ಕೆನ್ನೆ ತಾಕಿದರೂ ನೋಯುತ್ತಿತ್ತು. ವಾಸಿಯಾದ ಜಾಗದಲ್ಲಿ ಗುಂಡಿ ಉಳಿಯುತ್ತಿತ್ತು.

“ಬೇವಿನ ಸೊಪ್ಪು ಅರೆದು ಹಚ್ಚವ್ವ,” ಎಂದು ಒಬ್ಬರು. “ಮದುವೆ ಆದ್ರೆ ತಾನೇ ಹೋಗ್ತಾವೆ ಬಿಡು,” ಎಂದು ಇನ್ನೊಬ್ಬರು.

“ಮೊದ್ಲು ಟಿಕೆಟ್ ತಗಳ್ರಿ, ಆಮೇಲೆ ಔಷಧಿ ಹೇಳ್ರಿ,” ಎಂದು ಸುಪ್ರಿಯಾ ಮುಂದೆ ಹೋಗುತ್ತಿದ್ದಳು.

ಒಮ್ಮೆ ಮಾತ್ರ ಯಾರದೋ ಮಾತು ಕೇಳಿ ಅಂಗಡಿಯಿಂದ ಮುಖ ಬೆಳ್ಳಗಾಗುವ ಕ್ರೀಮು ತಂದು ಹಚ್ಚಿದಳು. ಮೊದಮೊದಲು ಮುಖ ನುಣುಪಾಯಿತು. ಆಮೇಲೆ ಮೊಡವೆ ಮೊದಲಿಗಿಂತ ಜೋರಾಗಿ ಎದ್ದವು. ಇನ್ನು ಸಾಕು ಎಂದು, ವಾರದ ರಜೆಯ ದಿನ ಚಿತ್ರದುರ್ಗದ ಚರ್ಮದ ಡಾಕ್ಟರ್ ಮಾಹೀರಾ ಅವರ ಹತ್ತಿರ ಹೋದಳು.

ಡಾಕ್ಟರ್ ಅವಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. “ಈ ಕ್ರೀಮು ಇವತ್ತೇ ಬಿಟ್ಟುಬಿಡ್ರಿ. ನಿಮಗೆ ಬಾವು ಆಳದಲ್ಲಿ ಐತೆ, ಬರೀ ಮೇಲೆ ಹಚ್ಚಿದ್ರೆ ಹೋಗಲ್ಲ. ಆಂಟಿಬಯಾಟಿಕ್ ಮಾತ್ರೆ ಕೊಡ್ತೀನಿ, ಜೊತೆಗೆ ರಾತ್ರಿ ಜೆಲ್ ಹಚ್ಕಳ್ರಿ,” ಎಂದರು. ಬೇರೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ, ಮುಟ್ಟು ಸರಿಯಾಗಿ ಆಗುತ್ತದೆಯಾ ಎಂದೆಲ್ಲ ಕೇಳಿದ ಮೇಲೇ ಚೀಟಿ ಬರೆದರು.

“ಊಟ ಆದ್ಮೇಲೆ ಲೋಟ ತುಂಬ ನೀರು ಕುಡಿದು ನುಂಗ್ರಿ, ನುಂಗಿದ ತಕ್ಷಣ ಮಲಗಬ್ಯಾಡ್ರಿ. ಬಿಸಿಲಿಗೆ ಹುಷಾರು. ತಿಂಗಳಾದ್ರೂ ಏನೂ ಕಾಣಿಸ್ದೆ ಇರಬಹುದು, ಧೈರ್ಯ ಬಿಡಬ್ಯಾಡ್ರಿ. ಮೂರು ತಿಂಗಳಿಗೆ ಮತ್ತೆ ನೋಡಿ ನಿಲ್ಸಾಣ. ಇದು ನಿಮ್ಮನ್ನ ನೋಡಿ ಕೊಟ್ಟಿರೋ ಮಾತ್ರೆ, ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ.”

ಜವನಗೊಂಡನಹಳ್ಳಿಯ ಮನೆಯಲ್ಲಿ ತಾಯಿ ಹುಲಿಗೆಮ್ಮನಿಗೆ ಇದು ಸರಿ ಬರಲಿಲ್ಲ. “ಉಷ್ಣದ ಮಾತ್ರೆ ಕಣೇ, ಒಡಲು ಸುಡ್ತೈತೆ,” ಎಂದು ದಿನಾ ಗೊಣಗಿದಳು. ಒಂದು ದಿನ ಸುಪ್ರಿಯಾ ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಅವಸರಕ್ಕೆ ಒಂದೇ ಗುಟುಕು ನೀರಿನಲ್ಲಿ ಮಾತ್ರೆ ನುಂಗಿ, ಸಂಜೆಯವರೆಗೂ ಎದೆಯುರಿಯಿಂದ ಒದ್ದಾಡಿದಳು. ಮಾರನೇ ದಿನದಿಂದ ದೊಡ್ಡ ನೀರಿನ ಬಾಟಲಿ ಇಟ್ಟುಕೊಂಡಳೇ ಹೊರತು ಮಾತ್ರೆ ಬಿಡಲಿಲ್ಲ. ತಿಂಗಳು ಕಳೆದು ಸ್ವಲ್ಪ ದಿನಕ್ಕೆ ಹೊಸ ಗಂಟು ಏಳುವುದು ನಿಂತಿತು. ಹಳೆಯವು ಬಾಡತೊಡಗಿದವು.

ಅದನ್ನು ಎಲ್ಲರಿಗಿಂತ ಮೊದಲು ಕಂಡವಳು ಅಣ್ಣ ವಿನೋದನ ಹೆಂಡತಿ ಸುಮಿತ್ರಾ. ಈಚೆಗೆ ಅವಳ ಗದ್ದದ ಮೇಲೂ ಮೊಡವೆ ಎದ್ದಿದ್ದವು. ತವರಲ್ಲಿ ತಂಗಿಯ ನಿಶ್ಚಿತಾರ್ಥ ಹತ್ತಿರ ಬಂದಿತ್ತು.

“ಸುಪ್ರೀ, ನಿನ್ನ ಮಾತ್ರೆ ಒಂದು ಪಟ್ಟಿ ನನಗೂ ಕೊಡೇ.”

“ಬ್ಯಾಡ ಅತ್ತಿಗೆ. ಡಾಕ್ಟ್ರು ಯಾರಿಗೂ ಕೊಡಬ್ಯಾಡ ಅಂದವ್ರೆ. ನಾನೇ ಕರ್ಕೊಂಡು ಹೋಗ್ತೀನಿ, ತೋರಿಸ್ಕೊಂಡು ಬರಾಣ.”

ಸುಮಿತ್ರಾ ಮುಖ ಗಂಟು ಹಾಕಿಕೊಂಡು ಒಳಗೆ ಹೋದಳು. ಹುಲಿಗೆಮ್ಮ ಸೊಸೆಯ ಪರ ನಿಂತಳು. “ಒಂದು ಮಾವಿನಹಣ್ಣು ಇದ್ರೂ ಹೋಳು ಮಾಡಿ ತಿಂದೋರು ನಾವು. ಒಂದು ಮಾತ್ರೆ ಕೊಡಕೆ ನಿಂಗೆ ಕೈ ಬರಲ್ವೇನೇ?” ವಿನೋದ ಇನ್ನೂ ಒರಟಾಗಿ, “ನೀನೊಬ್ಳೇ ಚೆಂದ ಕಾಣ್ಬೇಕೇನು?” ಎಂದುಬಿಟ್ಟ.

ಆ ಮಾತು ಸುಪ್ರಿಯಾಗೆ ನಾಟಿತು. ಅಡುಗೆಮನೆಯಲ್ಲಿ ತಿರುಗಿ ನಿಂತು ಕಣ್ಣೊರೆಸಿಕೊಂಡಳು. ಆದರೆ ಮಾತ್ರೆಯನ್ನು ತನ್ನ ಡ್ಯೂಟಿ ಬ್ಯಾಗಿಗೆ ಹಾಕಿಕೊಂಡು ಬಂದು, “ಬೈದ್ರೂ ಸರಿ, ಕೊಡಲ್ಲ. ನನ್ನ ರಜೆ ದಿನ ಹೋಗಾಣ ನಡಿ ಅತ್ತಿಗೆ,” ಎಂದಳು.

ರಜೆಯ ದಿನ ಸುಮಿತ್ರಾ ಒಲ್ಲದ ಮನಸ್ಸಿನಿಂದಲೇ ಹೊರಟಳು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತರೂ ಮುಖ ಹೊರಗೆ ತಿರುಗಿಸಿಕೊಂಡಿದ್ದಳು. ಐಮಂಗಲ ದಾಟುತ್ತಿದ್ದಂತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿಕೊಂಡಳು. ಸುಪ್ರಿಯಾ ಬೆನ್ನು ಸವರಿ ನೀರು ಕೊಟ್ಟಳು. “ಬಸ್ಸು ಆಗಲ್ಲ ನಂಗೆ,” ಎಂದಳು ಸುಮಿತ್ರಾ.

ಡಾಕ್ಟರ್ ಮಾಹೀರಾ ಅವಳಿಗೂ ಅವೇ ಪ್ರಶ್ನೆ ಕೇಳಿದರು. ಮುಟ್ಟಿನ ಮಾತು ಬಂದಾಗ ಸುಮಿತ್ರಾ ತಡವರಿಸಿದಳು. “ಹೋದ ತಿಂಗಳು ಆಗಲಿಲ್ಲ ಮೇಡಂ. ಬಿಸಿಲಿಗೆ ಹೆಚ್ಚುಕಮ್ಮಿ ಆಗೈತೆ ಅನ್ಕಂಡೆ.”

ಬಸುರಿನ ಪರೀಕ್ಷೆ ಮಾಡಿಸಿದಾಗ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು.

“ಒಳ್ಳೇ ಸುದ್ದಿ ಕಣಮ್ಮ,” ಡಾಕ್ಟರ್ ನಕ್ಕರು. “ಆದ್ರೆ ಇವರು ನುಂಗೋ ಮಾತ್ರೆ ನಿಮಗಲ್ಲ, ಬಸುರಿಯರಿಗೆ ಅದು ಕೊಡಂಗಿಲ್ಲ. ಮಗೀಗೆ ತೊಂದರೆ. ನಿಮ್ಮ ಮೊಡವೆ ಅಷ್ಟು ಜೋರಿಲ್ಲ, ಹಚ್ಚೋ ಮುಲಾಮು ಸಾಕು. ಹೆರಿಗೆ ಡಾಕ್ಟ್ರನ್ನೂ ಬೇಗ ನೋಡ್ರಿ.”

ಹೊರಗೆ ಬಂದು ಸುಪ್ರಿಯಾ ಅತ್ತಿಗೆಯ ಪಕ್ಕ ಬೆಂಚಿನ ಮೇಲೆ ಕೂತಳು. ಬಸುರಿನ ವಿಷಯ ಅವಳಿಗೇನು ಗೊತ್ತಿತ್ತು? ಡಾಕ್ಟರ್ ಬೇಡ ಎಂದಿದ್ದರು, ಅವಳು ಕೊಟ್ಟಿರಲಿಲ್ಲ, ಅಷ್ಟೇ. ಸುಮಿತ್ರಾ ಅವಳ ಕೈ ಹಿಡಿದುಕೊಂಡಳು. “ಅವತ್ತು ನೀನು ಕೊಟ್ಟಿದ್ರೆ ನುಂಗೇಬಿಡ್ತಿದ್ದೆ ಕಣೇ,” ಎಂದು ಅತ್ತಳು. ಅಳುತ್ತಲೇ ನಕ್ಕಳು.

ಸುದ್ದಿ ಕೇಳಿ ಹುಲಿಗೆಮ್ಮ ಸೊಸೆಯ ಬಾಯಿಗೆ ಬೆಲ್ಲ ಇಟ್ಟಳು, ಆಮೇಲೆ ಮಗಳ ಕಡೆ ತಿರುಗಿದಳು. “ನನ್ನ ನಾಲಿಗೆ ಬಿದ್ದೋಗ, ಏನೇನೋ ಅಂದುಬಿಟ್ಟೆ.”

“ಅದೆಲ್ಲ ಬಿಡವ್ವ. ಹೊಟ್ಟೆ ಹಸಿದೈತೆ, ಮುದ್ದೆ ಇಕ್ಕು,” ಎಂದಳು ಸುಪ್ರಿಯಾ.

ಮೂರು ತಿಂಗಳಾದ ಮೇಲೆ ಡಾಕ್ಟರ್ ಮಾತ್ರೆ ನಿಲ್ಲಿಸಿ, ಜೆಲ್ ಮಾತ್ರ ಮುಂದುವರಿಸಲು ಹೇಳಿದರು. ಗಂಟು ಇಳಿದಿದ್ದವು, ನೋವಿರಲಿಲ್ಲ. ಕಲೆ ಮಾಸಲು ಇನ್ನೂ ಸಮಯ ಬೇಕಿತ್ತು. ಆ ದಿನ ವಿನೋದ, ಸುಮಿತ್ರಾ ಇಬ್ಬರೂ ಜೊತೆಗೆ ಬಂದಿದ್ದರು. ಮೂವರೂ ಚಂದ್ರವಳ್ಳಿಗೆ ಹೋಗಿ, ಕೆರೆಯ ದಂಡೆಯ ಬಂಡೆಯ ಮೇಲೆ ಮಂಡಕ್ಕಿ ತಿಂದರು. ವಿನೋದ ಅತ್ತಿಗೆ-ನಾದಿನಿಯರ ಫೋಟೋ ತೆಗೆಯಲು ಫೋನ್ ಹಿಡಿದು ಹಿಂದೆ ಹಿಂದೆ ಸರಿದ.

“ಅಷ್ಟು ದೂರ ಯಾಕಣ್ಣ? ಹತ್ರ ಬಂದು ತೆಗಿ,” ಎಂದಳು ಸುಪ್ರಿಯಾ. “ಮುಖ ಕಾಣ್ಬೇಕು.”