ಬೇಡವಾದ ಮನೆ ನೋಡಲು ಹೋದದ್ದು

ಫೋನಿನಲ್ಲಿ ನಗರ ಕೌನ್ಸಿಲ್‌ನ ಹೆಂಗಸು "ಒಳ್ಳೇ ಸುದ್ದಿ ಇದೆ, ಮಿಸೆಸ್ ಪಾಡ್ಮೋರ್" ಎಂದಾಗ ನಾನು ಮಹಡಿಯ ಮೆಟ್ಟಿಲ ಮೇಲೆ ಹಾಗೇ ಕುಳಿತುಬಿಟ್ಟೆ.

"ಕಾಲಿಯರ್ ಬೀದಿ ಫ್ಲ್ಯಾಟಿಗೆ ಸಾಲಿನಲ್ಲಿ ನೀವು ಮೂರನೆಯವರು. ಗುರುವಾರ ಬೆಳಿಗ್ಗೆ ಬಂದು ನೋಡಿ. ಮೊದಲಿನ ಇಬ್ಬರು ಬೇಡ ಅಂದ್ರೆ ನಿಮಗೇ."

"ತುಂಬಾ ಥ್ಯಾಂಕ್ಸ್" ಎಂದೆ. ಖುಷಿಯಾದವಳ ದನಿಯಲ್ಲೇ ಎಂದೆ.

ಅಡುಗೆಮನೆಯಲ್ಲಿ ನನ್ನ ತಮ್ಮ ಕ್ಲೈವ್ ಟೋಸ್ಟಿನ ಮೇಲೆ ಹಾಕಿದ ಬೀನ್ಸ್ ಕಾಳನ್ನು ಒಂದೊಂದೇ ಚುಚ್ಚಿ ತಿನ್ನುತ್ತಿದ್ದ.

"ಯಾರದು, ಗ್ಲೆನ್?"

"ಯಾರೂ ಇಲ್ಲ. ರಾಂಗ್ ನಂಬರ್."

"ರಾಂಗ್ ನಂಬರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ?"

ಕ್ಲೈವನಿಗೆ ಐವತ್ತೊಂದು ವರ್ಷ. ಅವನಿಗೆ ಎಷ್ಟೋ ವಿಷಯ ತಿಳಿಯುವುದಿಲ್ಲ ಎಂದು ಜನ ಅಂದುಕೊಳ್ಳುತ್ತಾರೆ. ನಾನೂ ಕೆಲವು ಸಲ ಹಾಗೆ ಅಂದುಕೊಂಡು ಸಿಕ್ಕಿಬೀಳುತ್ತೇನೆ.

ಇದೆಲ್ಲ ಶುರುವಾದದ್ದು ಏಪ್ರಿಲ್‌ನಲ್ಲಿ. ಸರ್ಕಾರದಿಂದ ಬರುವ ಬಾಡಿಗೆ ನೆರವಿನಲ್ಲೇ ನನ್ನ ಮನೆ ನಡೆಯುತ್ತಿತ್ತು. ಶಾಲೆಯ ಅಡುಗೆಮನೆಯಲ್ಲಿ ಊಟ ಬಡಿಸುವ ಕೆಲಸದ ಸಂಬಳದಲ್ಲಿ ಪೂರ್ತಿ ಬಾಡಿಗೆ ಕಟ್ಟಲು ಆಗುವುದಿಲ್ಲ. ಒಬ್ಬರಿಗೆ ಒಂದೇ ಮಲಗುವ ಕೋಣೆ, ಹೆಚ್ಚಿಗೆ ಇದ್ದರೆ ನೆರವಿನಲ್ಲಿ ಕಡಿತ ಎಂಬ ಹೊಸ ನಿಯಮ ಬಂತು. ಅಮ್ಮ ತೀರಿಕೊಂಡ ಮೇಲೆ ಅವಳ ಕೋಣೆ ಖಾಲಿ ಇತ್ತು. ನಿಯಮಕ್ಕೆ ಅದು ಹೆಚ್ಚಿನ ಕೋಣೆ. ನನಗೆ ಅದು ಈಗಲೂ ಅಮ್ಮನ ಕೋಣೆಯೇ, ಆದರೆ ಹಾಗೆಂದು ಬರೆಯಲು ಫಾರಂನಲ್ಲಿ ಜಾಗವಿರಲಿಲ್ಲ.

ಕಡಿತವಾದವರು ಹೆಚ್ಚಿನ ಸಹಾಯ ಕೇಳಬಹುದು, ಕೌನ್ಸಿಲ್‌ನಲ್ಲಿ ಅದಕ್ಕೆಂದೇ ಬೇರೆ ಹಣವಿದೆ ಎಂದು ಪಕ್ಕದ ಮನೆಯ ನೊರೀನ್ ಹೇಳಿದಳು. ಅದು ಹಕ್ಕಲ್ಲ, ಅವರಿಗೆ ಸರಿ ಅನ್ನಿಸಿದರೆ ಕೊಡುತ್ತಾರೆ. ನನಗೆ ಮೂರು ತಿಂಗಳಿಗೆ ಕೊಟ್ಟರು. ಜೊತೆಗೊಂದು ಷರತ್ತು: ಚಿಕ್ಕ ಮನೆಗೆ ಹೋಗಲು ಪ್ರಯತ್ನ ಮಾಡುತ್ತಿದ್ದೀರೆಂದು ತೋರಿಸಬೇಕು.

"ತೋರಿಸಿದ್ರೆ ಸಾಕಲ್ವೇನೇ?" ಎಂದಳು ನೊರೀನ್. "ಮನೆ ಸಿಗಲೇಬೇಕು ಅಂತ ಎಲ್ಲಿ ಬರೆದಿದೆ?"

ನಮ್ಮಲ್ಲಿ ಕೌನ್ಸಿಲ್ ಬಾಡಿಗೆಗೆ ಕೊಡುವ ಖಾಲಿ ಮನೆಗಳ ಪಟ್ಟಿ ವಾರಕ್ಕೊಮ್ಮೆ ಬರುತ್ತದೆ. ಬೇಕಾದವರು ಬಿಡ್ ಹಾಕಬೇಕು. ಹರಾಜಿನ ಹಾಗೇ, ಆದರೆ ಯಾರ ಕಷ್ಟ ದೊಡ್ಡದೋ ಅವರು ಮುಂದೆ.

"ಊರೆಲ್ಲ ಮುಗಿಬೀಳೋ ಮನೆ ನೋಡಿ ಹಾಕು ಕಣೇ. ಮಕ್ಕಳಿರೋರು, ಗಾಲಿ ಕುರ್ಚಿಯೋರು ಎಲ್ಲಾ ನಿನ್ನ ಮುಂದೆ ನಿಂತಿರ್ತಾರೆ. ನೀನು ಬಾಲದಲ್ಲಿ. ಹಾಯಾಗಿರು."

ನಾನು ಹಾಗೇ ಮಾಡಿದೆ. ಲೈಬ್ರರಿಯ ಕಂಪ್ಯೂಟರ್ ಮುಂದೆ ಕುಳಿತು, ನನಗೆ ಸಿಗಲಾರದ ಮನೆಯನ್ನು ಹುಡುಕಿ ಹುಡುಕಿ ಬಿಡ್ ಹಾಕುತ್ತಿದ್ದೆ. ಇದು ಸುಳ್ಳೋ ಅಲ್ಲವೋ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ನಮಗಿಬ್ಬರಿಗೂ ಹೊಳೆಯದೆ ಹೋದ ವಿಷಯವೆಂದರೆ, ಹೆಚ್ಚಿನ ಕೋಣೆ ಬಿಟ್ಟುಕೊಡುವವರನ್ನು ಆ ವರ್ಷದಿಂದ ಎಲ್ಲರಿಗಿಂತ ಮುಂದಿನ ಸಾಲಿಗೆ ತಂದಿದ್ದರು. ಕೌನ್ಸಿಲ್ ಕೊಟ್ಟ ಹಾಳೆಯಲ್ಲಿ ಅದನ್ನು ಅಚ್ಚು ಹಾಕಿಸಿಯೇ ಇದ್ದರು. ನಾನು ಓದಿಯೂ ಇದ್ದೆ. ಆದರೆ ಮುಂದಿನ ಸಾಲು ಎಂಬ ಮಾತು ನನ್ನಂಥವಳನ್ನು ಕುರಿತದ್ದು ಎಂದು ನನಗೆ ಅನ್ನಿಸಲೇ ಇಲ್ಲ.

ನಾನು ಈ ಮನೆ ಬಿಟ್ಟು ಹೋಗಲಾಗದ್ದು ಅಮ್ಮನ ಕೋಣೆಗಾಗಿ ಅಲ್ಲ, ಕ್ಲೈವನಿಗಾಗಿ. ಅಮ್ಮ ಹೋದ ಮೇಲೆ ಅವನಿಗೆ ಕೌನ್ಸಿಲ್‌ನವರು ನಮ್ಮ ಬೀದಿಯ ಕೊನೆಯಲ್ಲೇ ನೆಲಮಹಡಿಯ ಒಂದು ಫ್ಲ್ಯಾಟ್ ಕೊಟ್ಟರು. ಅವನ ಬಾಗಿಲಿನಿಂದ ನನ್ನ ಬಾಗಿಲಿಗೆ ಒಂದೇ ಫುಟ್‌ಪಾತ್. ರಸ್ತೆ ದಾಟಬೇಕಿಲ್ಲ. ರಸ್ತೆ ದಾಟುವುದು ಅವನಿಗೆ ಆಗುವುದೂ ಇಲ್ಲ. ಬೆಳಿಗ್ಗೆ ನಾನು ಹೋಗಿ ಅವನನ್ನು ಎಬ್ಬಿಸಿ, ಗ್ಯಾಸ್ ನೋಡಿ ಬರುತ್ತೇನೆ. ಸಂಜೆ ಅವನು ಊಟಕ್ಕೆ ಬರುತ್ತಾನೆ. ಹೋಗುವಾಗ ನಾನೂ ಜೊತೆಗೆ ಹೋಗಿ ಇನ್ನೊಮ್ಮೆ ಗ್ಯಾಸ್ ನೋಡುತ್ತೇನೆ. ಎರಡು ಸಲ ಅವನು ಒಲೆ ಹಚ್ಚದೆ ಗ್ಯಾಸ್ ಬಿಟ್ಟು ಕೆಟಲ್ ಇಟ್ಟು ಕುಳಿತಿದ್ದ.

"ಅವನನ್ನೇ ಆ ಕೋಣೆಗೆ ಕರ್ಕೊಂಡ್ಬಾ. ಕೋಣೆನೂ ತುಂಬುತ್ತೆ, ಕಡಿತಾನೂ ಹೋಗುತ್ತೆ" ಎಂದಿದ್ದಳು ನೊರೀನ್.

ನಾನು ಅವನನ್ನು ಕೇಳಿಯೂ ನೋಡಿದೆ. "ನನಗೆ ನನ್ನದೇ ಬೀಗದಕೈ ಇದೆ" ಎಂದ. ಅಷ್ಟೇ. ಹಿಂದೊಮ್ಮೆ ಅವನ ಫ್ಲ್ಯಾಟಿನ ನಲ್ಲಿ ಕೊಳವೆ ಒಡೆದು ಒಂದು ವಾರ ನನ್ನಲ್ಲಿ ಇದ್ದಾಗ, ದಿನವೂ ಹೋಗಿ ತನ್ನ ಬಾಗಿಲು ತೆರೆಯುತ್ತದೋ ಇಲ್ಲವೋ ನೋಡಿ ಬರುತ್ತಿದ್ದ.

ಕೌನ್ಸಿಲ್‌ಗೆ ಬರೆದುಕೊಟ್ಟ ಅರ್ಜಿಯಲ್ಲಿ ನಾನು ಕ್ಲೈವನ ಹೆಸರೇ ಎತ್ತಿರಲಿಲ್ಲ. ನಿಮ್ಮ ಜೊತೆ ಯಾರಿದ್ದಾರೆ ಎಂದು ಕೇಳಿದ್ದರು, ಯಾರೂ ಇಲ್ಲ. ಬೇರೆ ಕಾರಣಗಳಿದ್ದರೆ ಬರೆಯಿರಿ ಎಂದಿದ್ದರು, ಖಾಲಿ ಬಿಟ್ಟೆ. ಕೌನ್ಸಿಲ್ ಲೆಕ್ಕದಲ್ಲಿ ಕ್ಲೈವ್ ಒಬ್ಬನೇ ನಿಭಾಯಿಸುತ್ತಾನೆ. ಯಾರಾದರೂ ಫೋನ್ ಮಾಡಿ ವಿಚಾರಿಸಿದರೆ ಅಮ್ಮ ಕಲಿಸಿದ ಹಾಗೆ ಚೆನ್ನಾಗಿದ್ದೇನೆ ಎನ್ನುತ್ತಾನೆ. ಗ್ಯಾಸಿನ ವಿಷಯ ಅವರಿಗೆ ತಿಳಿದರೆ? ಅವನ ಗೆಳೆಯ ರೇಮಂಡ್ ಹೀಗೇ ಒಂಟಿಯಾಗಿದ್ದವನು. ಒಂದು ಸಲ ಬಿದ್ದ. ವಿಚಾರಣೆಗೆ ಬಂದವರು ಅವನನ್ನು ಸಮುದ್ರದ ದಡದ ಯಾವುದೋ ಊರಿನ ಆರೈಕೆ ಮನೆಗೆ ಸೇರಿಸಿದರು. ಅವರ ದೃಷ್ಟಿಯಲ್ಲಿ ಅದು ಒಳ್ಳೆಯದೇ ಇರಬಹುದು, ನನಗೆ ಗೊತ್ತಿಲ್ಲ. ಆದರೆ ರೇಮಂಡ್ ಯಾವಾಗ ವಾಪಸು ಬರುತ್ತಾನೆ ಎಂದು ಕ್ಲೈವ್ ಇವತ್ತಿಗೂ ಕೇಳುತ್ತಾನೆ.

ಕಾಲಿಯರ್ ಬೀದಿ ಊರಿನ ಆ ತುದಿ. ಎರಡು ಬಸ್ ಹಿಡಿಯಬೇಕು. ಗುರುವಾರದವರೆಗೂ ನನಗೆ ನಿದ್ದೆ ಬರಲಿಲ್ಲ. ಶಾಲೆಯಲ್ಲಿ ಮಕ್ಕಳ ತಟ್ಟೆಗೆ ಕಸ್ಟರ್ಡ್ ಹಾಕುತ್ತಾ ಹಾಕುತ್ತಾ ಒಬ್ಬ ಹುಡುಗಿಯ ಬಟಾಣಿಯ ಮೇಲೂ ಹಾಕಿಬಿಟ್ಟೆ.

ಮುಚ್ಚಿಹೋದ ಒಂದು ಮಾಂಸದಂಗಡಿಯ ಮೇಲಿನ ಫ್ಲ್ಯಾಟ್ ಅದು. ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಕೆಳಗೆ ಕೌನ್ಸಿಲ್‌ನ ಮಿಸೆಸ್ ಹ್ಯಾಡೋ ಬೀಗದಕೈ ಗೊಂಚಲು ಹಿಡಿದು ನಿಂತಿದ್ದರು. ನನಗಿಂತ ಚಿಕ್ಕವರು, ಮೂಗು ಸೋರುತ್ತಿತ್ತು. ಮೊದಲನೆಯವರು ಬರಲೇ ಇಲ್ಲ. ಎರಡನೆಯವರು ನೆವಿಲ್ ಎಂಬ ಮುದುಕರು, ಜೊತೆಗೆ ಕರುವಿನಷ್ಟು ದೊಡ್ಡ, ವಯಸ್ಸಾದ ಹೆಣ್ಣು ನಾಯಿ.

ಅವರು ತೆಗೆದುಕೊಂಡರೆ ನಾನು ಬದುಕಿದೆ. ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ನಾಯಿ ಮೊದಲ ಮೆಟ್ಟಿಲನ್ನು ಮೂಸಿ ನೋಡಿ ಕುಳಿತುಬಿಟ್ಟಿತು.

"ಡಚೆಸ್, ಏಳಮ್ಮಾ" ಎಂದರು ನೆವಿಲ್. ಅದು ಬೇರೆ ಕಡೆ ನೋಡಿತು.

"ಅಭ್ಯಾಸ ಆಗುತ್ತೆ ಬಿಡಿ" ಎಂದೆ. "ಮೆಟ್ಟಿಲು ಹತ್ತೋದು ಮೈಗೆ ಒಳ್ಳೇ ವ್ಯಾಯಾಮ. ಇಬ್ಬರಿಗೂ."

ಅವರು ಅದನ್ನು ಕೆಳಗೇ ಕಟ್ಟಿ ಮೇಲೆ ಬಂದರು. ಒಳಗೆ ಹಳೆಯ ಕೊಬ್ಬಿನ ವಾಸನೆ. ಕೋಣೆಯ ಮೂಲೆಯಲ್ಲಿ ತೇವ ಹಿಡಿದು ಗೋಡೆ ಕಪ್ಪಾಗಿತ್ತು. ನಾನು ಮಾತ್ರ ಅಂಗಡಿಯವಳ ಹಾಗೆ ಕಿಟಕಿಯಿಂದ ಕಿಟಕಿಗೆ ಓಡಾಡಿದೆ.

"ಎಷ್ಟೊಂದು ಬೆಳಕು ನೋಡಿ! ಮೀನಿನ ಅಂಗಡಿ ಎದುರಿಗೇ ಇದೆ, ಶುಕ್ರವಾರದ ಮೀನಿಗೆ ಮನೆಯೊಳಗಿನ ಚಪ್ಪಲೀಲೇ ಹೋಗಿ ಬರಬಹುದು."

"ಆ ಕಪ್ಪು?"

"ಅದಾ? ಒಂದು ಕೈ ಬಣ್ಣ ಹೊಡೆದ್ರೆ ಹೋಗುತ್ತೆ."

ಹೋಗುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಎಷ್ಟು ಸಲ ಹೊಡೆದಿದ್ದೇನೋ. ಆ ಮನುಷ್ಯನ ಎದೆಯಲ್ಲಿ ಆಗಲೇ ಗೊರಗೊರ ಶಬ್ದ ಕೇಳುತ್ತಿತ್ತು. ಆದರೂ ನಾನು ನಿಲ್ಲಿಸಲಿಲ್ಲ.

"ನಾಯಿನ ಒಂದೆರಡು ದಿನ ಎತ್ಕೊಂಡು ಬಂದ್ರೆ..."

"ಅವಳನ್ನ ನಾನು ಎತ್ಕೋತೀನಿ ಸರಿ, ನನ್ನನ್ನ ಯಾರಮ್ಮ ಎತ್ಕೊಳ್ಳೋರು?" ಎಂದು ನಕ್ಕರು ಅವರು. "ಇಷ್ಟೊಂದು ಹೊಗಳ್ತೀಯಲ್ಲ, ಮನೆ ನಿಂದೇ ಇಟ್ಕೋ. ಒಳ್ಳೇದಾಗ್ಲಿ." ಮಿಸೆಸ್ ಹ್ಯಾಡೋಗೆ ಬೇಡವೆಂದು ತಲೆಯಾಡಿಸಿ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದುಹೋದರು. ಕೆಳಗೆ ಡಚೆಸ್ ಸಂತೋಷಕ್ಕೆ ಬೊಗಳಿದ್ದು ಕೇಳಿಸಿತು.

ನಾವಿಬ್ಬರೇ ಉಳಿದೆವು.

"ಸರಿ ಹಾಗಾದ್ರೆ" ಎಂದು ಮಿಸೆಸ್ ಹ್ಯಾಡೋ ಪೆನ್ನು ತೆಗೆದರು. "ಇಷ್ಟು ಮೆಚ್ಚಿಕೊಂಡವರನ್ನ ನಾನು ನೋಡೇ ಇಲ್ಲ. ಸೋಮವಾರ ಬೀಗದಕೈ ಕೊಡ್ತೀನಿ."

"ಇಲ್ಲ... ಅದು... ಮೆಟ್ಟಿಲು ಸ್ವಲ್ಪ..."

"ವ್ಯಾಯಾಮ ಅಂದ್ರಲ್ಲ?"

"ಗೋಡೆ..."

"ಬಣ್ಣ ಹೊಡೆದ್ರೆ ಹೋಗುತ್ತಂತೆ." ಅವರು ನಗಲಿಲ್ಲ, ಮೂಗು ಒರೆಸಿಕೊಂಡರು. "ಮಿಸೆಸ್ ಪಾಡ್ಮೋರ್, ಬೇಡ ಅನ್ನೋದಾದ್ರೆ ಅನ್ನಿ. ಆದ್ರೆ ಕಾರಣ ಬರೀಬೇಕು. ಕಾರಣ ಗಟ್ಟಿ ಇಲ್ದಿದ್ರೆ ನಿಮಗೆ ಕೊಡ್ತಿರೋ ಹೆಚ್ಚಿನ ಸಹಾಯ ಮುಂದುವರಿಯೋದು ಕಷ್ಟ. ನನ್ನ ಕೈಲಿಲ್ಲ ಅದು."

ಸಹಾಯ ನಿಂತರೆ ಬಾಡಿಗೆ ಬಾಕಿ ಬೀಳುತ್ತದೆ. ಬಾಕಿ ಬಿದ್ದರೆ ನೋಟಿಸು. ಕೊನೆಗೆ ಇಂಥದೇ ಇನ್ನೊಂದು ಫ್ಲ್ಯಾಟ್, ಇನ್ನೂ ದೂರದಲ್ಲಿ.

"ನನಗೊಬ್ಬ ತಮ್ಮ ಇದಾನೆ" ಎಂದೆ.

ಒಮ್ಮೆ ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ. ಫುಟ್‌ಪಾತ್, ಬೆಳಗಿನ ಎಬ್ಬಿಸುವಿಕೆ, ಸಂಜೆಯ ಊಟ, ಬೀಗದಕೈ. ಗ್ಯಾಸಿನ ಮಾತೂ ಬಂದುಬಿಟ್ಟಿತು. ಹೇಳಿ ಮುಗಿಸಿ ಕಿಟಕಿಯ ಕಡೆ ತಿರುಗಿ ನಿಂತೆ.

"ಇದನ್ನ ಯಾಕೆ ಅರ್ಜಿಯಲ್ಲಿ ಬರೀಲಿಲ್ಲ?"

"ಅವನನ್ನ ಕರ್ಕೊಂಡು ಹೋಗ್ತೀರಿ ಅಂತ."

ಅವರು ಪೆನ್ನಿನ ಮುಚ್ಚಳ ಹಾಕಿದರು. ಮತ್ತೆ ತೆಗೆದರು. "ನೋಡಿ, ನಾನು ಸುಳ್ಳು ಭರವಸೆ ಕೊಡಲ್ಲ. ಇದು ಗಟ್ಟಿ ಕಾರಣ. ಇದನ್ನ ಬರೆದ್ರೆ ಸಹಾಯ ಮುಂದುವರಿಸಿ ಅಂತ ನಾನೇ ಶಿಫಾರಸು ಮಾಡಬಹುದು. ಆದ್ರೆ ಗ್ಯಾಸ್ ವಿಷಯ ಕಾಗದಕ್ಕೆ ಬಂದ ಮೇಲೆ ಆರೈಕೆ ವಿಭಾಗಕ್ಕೆ ಕಳಿಸಲೇಬೇಕು. ಅವರು ಬಂದು ನೋಡ್ತಾರೆ. ಏನು ತೀರ್ಮಾನ ಮಾಡ್ತಾರೋ ನನಗೆ ಗೊತ್ತಿಲ್ಲ."

"ಗ್ಯಾಸ್ ಬಿಟ್ಟು ಬರೆಯೋಕಾಗಲ್ವಾ?"

"ಬಿಟ್ರೆ ಏನು ಉಳಿಯುತ್ತೆ? ತಮ್ಮ ಊಟಕ್ಕೆ ಬರ್ತಾನೆ ಅಂತ. ಅದಕ್ಕೆ ಯಾರೂ ಬಾಡಿಗೆ ಕೊಡಲ್ಲ." ಪೆನ್ನು ಎತ್ತಿ ಹಿಡಿದು ಕೇಳಿದರು: "ಬರೀಲಾ, ಬೇಡ್ವಾ?"

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಈ ಕಿಟಕಿಯ ಬಳಿ ನಾನು ಬೆಳಿಗ್ಗೆ ಎದ್ದು ನಿಂತಿದ್ದೇನೆ, ಊರಿನ ಆ ತುದಿಯಲ್ಲಿ ಕ್ಲೈವ್ ಒಲೆಯ ಗುಂಡಿ ತಿರುಗಿಸಿ ಬೆಂಕಿಪೊಟ್ಟಣ ಹುಡುಕುತ್ತಿದ್ದಾನೆ. ಅದು ಕಣ್ಣಿಗೆ ಕಟ್ಟಿದ ಹಾಗೆ ಕಾಣಿಸಿತು. ಬೀಗದಕೈ ಹೋದರೆ ಅವನು ನನ್ನನ್ನು ಕ್ಷಮಿಸುವುದಿಲ್ಲ. ಕ್ಷಮಿಸದಿರಲಾದರೂ ಅವನು ಬದುಕಿರಬೇಕಲ್ಲ.

"ಬರೀರಿ" ಎಂದೆ.

ಅವರು ಗೋಡೆಗೆ ಕಾಗದ ಒತ್ತಿ ಹಿಡಿದು ಬರೆದರು. ಕ್ಲೈವನ ಹುಟ್ಟಿದ ದಿನ ಕೇಳಿದಾಗ ನನಗೆ ಒಂದು ಕ್ಷಣ ನೆನಪೇ ಬರಲಿಲ್ಲ.

ಜೂನ್ ಮುಗಿಯುವ ಮೊದಲೇ ಪತ್ರ ಬಂತು. ಸಹಾಯವನ್ನು ಮುಂದಿನ ಮಾರ್ಚ್‌ವರೆಗೆ ಮುಂದುವರಿಸಿದ್ದರು. ಬಿಡ್ ಹಾಕಬೇಕಿಲ್ಲ. ನೊರೀನ್ ಬೇಲಿಯಾಚೆಯಿಂದಲೇ ಕುಣಿದಳು. ಮಾರನೆಯ ದಿನ ಕ್ಲೈವನ ಹೆಸರಿಗೆ ಇನ್ನೊಂದು ಪತ್ರ ಬಂತು. ಆರೈಕೆ ವಿಭಾಗದ ಮಿಸ್ ಒಕಾಫೋರ್ ಮಂಗಳವಾರ ಅವನ ಮನೆಗೆ ಬರುವವರಿದ್ದರು.

"ನನ್ನನ್ನ ನೋಡೋಕಾ?" ಅವನಿಗೆ ಹಿಗ್ಗು. "ನನ್ನ ಮನೆಗಾ?"

ಮಂಗಳವಾರ ಬೆಳಿಗ್ಗೆ ನನ್ನ ಅಡುಗೆಮನೆಯಲ್ಲಿ ನಾನು ಅವನ ಅಂಗಿಯ ಗುಂಡಿ ಸರಿಮಾಡುತ್ತಾ, ಮಾಡಬಾರದು ಎಂದುಕೊಂಡಿದ್ದನ್ನೇ ಮಾಡಿದೆ.

"ಕ್ಲೈವ್, ಗ್ಯಾಸ್ ಆರಿಸೋದು ಯಾರು ಅಂತ ಅವರು ಕೇಳಿದ್ರೆ..."

"ನೀನು ಅಂತೀನಿ."

"ಮರೆತುಹೋದ್ರೆ ಏನ್ಮಾಡ್ತೀಯ ಅಂತ ಕೇಳಿದ್ರೆ?"

"ಮರೆತಿದೀನಿ ಅಂತ ನನಗೆ ಹೇಗೆ ಗೊತ್ತಾಗುತ್ತೆ, ಗ್ಲೆನ್?"

ನನ್ನ ಬಳಿ ಉತ್ತರ ಸಿದ್ಧವಿತ್ತು. ಕಿಟಕಿ ತೆಗೀತೀನಿ, ಅಕ್ಕನ್ನ ಕರೀತೀನಿ ಅನ್ನು ಎಂದು ಕಲಿಸಬಹುದಿತ್ತು. ಅವನು ಬೇಗ ಕಲಿಯುತ್ತಾನೆ, ಕಲಿಸಿದ್ದನ್ನು ಹಾಗೇ ಹೇಳುತ್ತಾನೆ. ಅದೇ ಹೆದರಿಕೆ. ಆಮೇಲೆ ಅವರು ನಂಬಿಬಿಡುತ್ತಾರೆ.

"ಅದನ್ನೇ ಹೇಳು" ಎಂದೆ.

"ಅದು ಸರಿ ಉತ್ತರಾನಾ?"

"ಗೊತ್ತಿಲ್ಲ, ಕ್ಲೈವ್. ನಿಜವಾಗ್ಲೂ ಗೊತ್ತಿಲ್ಲ."

ಆಗ ಅವನಿಗೆ ನೆನಪಾಯಿತು: ಅವನ ಮನೆಯಲ್ಲಿ ಇರುವುದು ಒಂದೇ ಕುರ್ಚಿ. ಬಂದವರು ಎಲ್ಲಿ ಕೂರಬೇಕು? ಅಮ್ಮನ ಕೋಣೆಯಿಂದ ಕುರ್ಚಿಯೊಂದನ್ನು ಇಳಿಸಿಕೊಂಡು, ಒಂದೊಂದು ಕಡೆ ಹಿಡಿದು, ಫುಟ್‌ಪಾತಿನಲ್ಲಿ ನಡೆದೆವು. ಅರ್ಧ ದಾರಿಯಲ್ಲಿರುವಾಗಲೇ ಬೀದಿಯ ಕೊನೆಯಲ್ಲಿ ಒಂದು ನೀಲಿ ಕಾರು ನಿಂತಿತು. ಚೀಲ ಹಿಡಿದ ಹೆಂಗಸೊಬ್ಬಳು ಇಳಿದು ಬಾಗಿಲ ನಂಬರುಗಳನ್ನು ನೋಡತೊಡಗಿದಳು.

"ಇಲ್ಲೇ, ಇಲ್ಲೇ! ಅದೇ ನನ್ನ ಮನೆ!" ಎಂದು ಕೂಗಿ ಕ್ಲೈವ್ ತನ್ನ ಕಡೆಯ ಹಿಡಿತ ಬಿಟ್ಟು ಓಡಿದ. ಕುರ್ಚಿಯ ಪೂರ್ತಿ ಭಾರ ನನ್ನ ಕೈಗೆ ಬಂತು. ಅದನ್ನು ಕೆಳಗಿಡಲೂ ತೋಚದೆ ನಾನು ಅಲ್ಲೇ ನಿಂತೆ.