ಹದಿನಾಲ್ಕು ಸೆಕೆಂಡಿನ ರಸ್ತೆ

ತಂಗಿಗೆ ವ್ಯಾನು ಗುದ್ದಿದಾಗ ಟೈಲರಕ್ಕ ಅಂಗಡಿಯಲ್ಲಿ ಕೂತು ಒಂದು ಕೋಟಿನ ಕಾಲರಿಗೆ ಕೈಹೊಲಿಗೆ ಹಾಕುತ್ತಿದ್ದಳು. ಸದ್ದು ಕೇಳಿ ತಲೆಯೆತ್ತಿದರೆ, ಗಾಜಿನಾಚೆ, ಗಲ್ಲಿ ಬಂದು ದೊಡ್ಡ ರಸ್ತೆಗೆ ಸೇರುವ ಮೂಲೆಯಲ್ಲಿ ಸೈಕಲ್ಲೊಂದು ಅಡ್ಡ ಬಿದ್ದಿತ್ತು. ಹಿಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಹ್ಯಾಂಡಲಿಗೆ ಸಿಕ್ಕಿಸಿದ ನೀಲಿ ಚೀಲ ತಾನೇ ಹೊಲಿದುಕೊಟ್ಟದ್ದು ಎಂದು ಗುರುತು ಸಿಕ್ಕ ಮೇಲೆ ಅವಳು ಹೇಗೆ ಬಾಗಿಲು ದಾಟಿದಳೋ ಅವಳಿಗೇ ನೆನಪಿಲ್ಲ.

ತಂಗಿ ಎದುರುಗಡೆಯ ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಪಾಳಿಗೆ ಹೊರಟವಳು ರೋಗಿಯಾಗಿ ಒಳಗೆ ಹೋದಳು. ತೊಡೆಯ ಮೂಳೆ ಮುರಿದಿತ್ತು. ಪುಣ್ಯಕ್ಕೆ ತಲೆಗೆ ಏನೂ ಆಗಿರಲಿಲ್ಲ. "ಹತ್ತು ವರ್ಷದಿಂದ ಈ ಮಂಚಗಳಿಗೆ ಹಾಸಿಗೆ ಹಾಸ್ತಾ ಇದೀನಿ, ಇಷ್ಟು ಗಟ್ಟಿ ಅಂತ ಇವತ್ತೇ ಗೊತ್ತಾಗಿದ್ದು" ಎಂದು ನೋವಿನಲ್ಲೂ ನಕ್ಕಳು. ಅಕ್ಕನಿಗೆ ನಗು ಬರಲಿಲ್ಲ.

ಹೊರಗೆ ಮೊಗಸಾಲೆಯಲ್ಲಿ ವ್ಯಾನಿನ ಡ್ರೈವರು ತಲೆ ತಗ್ಗಿಸಿ ಕೂತಿದ್ದ. ಅವನ ಜನ್ಮ ಜಾಲಾಡಿಬಿಡಬೇಕೆಂದೇ ಅವಳು ಹೋದದ್ದು. ಆದರೆ ಅವನು ಎದ್ದು ನಿಂತು, "ಸತ್ಯವಾಗ್ಲೂ ಕಾಣಿಸ್ಲಿಲ್ಲ ಅಕ್ಕ. ಮೂಲೇವರೆಗೂ ಕಾರು ನಿಂತಿದ್ವು. ನಿಧಾನಕ್ಕೇ ಮೂತಿ ಹೊರಗೆ ಹಾಕ್ದೆ, ಅಷ್ಟರಲ್ಲಿ..." ಎಂದು ಮಾತು ಮುಗಿಸಲಾಗದೆ ಅತ್ತ. ಪೊಲೀಸಿನವನು ಬರೆದುಕೊಳ್ಳುತ್ತಾ, "ಸೈಕಲ್‌ನವ್ರೂ ಸ್ವಲ್ಪ ನೋಡ್ಕೊಂಡು ಹೋಗ್ಬೇಕಮ್ಮ" ಅಂದ.

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು.

ಮರುದಿನ ಅಂಗಡಿ ತೆರೆಯುವ ಮೊದಲು ಅವಳು ಗಲ್ಲಿಯ ಬಾಯಲ್ಲಿ, ಡ್ರೈವರ ಕಣ್ಣು ಎಷ್ಟು ಎತ್ತರದಲ್ಲಿರುತ್ತದೋ ಅಷ್ಟಕ್ಕೆ ಬಗ್ಗಿ ನಿಂತು ನೋಡಿದಳು. ಬಲಕ್ಕೆ ಕಾರು, ಕಾರಿನ ಹಿಂದೆ ಕಾರು. ದೊಡ್ಡ ರಸ್ತೆಯ ಒಂದು ಚೂರೂ ಕಾಣದು. ಅವನು ಸುಳ್ಳು ಹೇಳಿರಲಿಲ್ಲ. ತಂಗಿಯೂ ತಪ್ಪು ಮಾಡಿರಲಿಲ್ಲ. ಹೀಗೇ ಇದ್ದರೆ ನಾಳೆ ಇನ್ನೊಬ್ಬರು ಬೀಳುವುದು ಗ್ಯಾರಂಟಿ.

ಅದೇ ವಾರ ನಗರಸಭೆಯ ಸಂಚಾರ ವಿಭಾಗಕ್ಕೆ ಹೋದಳು. ಅಲ್ಲಿದ್ದ ಎಂಜಿನಿಯರು ಕನ್ನಡಕದ, ಸಾಧು ಸ್ವಭಾವದ ಮನುಷ್ಯ. ಮೂಲೆಯಲ್ಲಿ ಕಾರು ನಿಲ್ಲದಂತೆ ಮಾಡಿ ಎಂದು ಅವಳು ಹೇಳಿದ್ದನ್ನೆಲ್ಲ ಕೂರಿಸಿಕೊಂಡು ಕೇಳಿದ.

"ಆ ರಸ್ತೇಲಿ ಗಂಟೆಗೆ ಎಷ್ಟು ಗಾಡಿ ಓಡುತ್ತೆ ಅನ್ನೋದು ನಮ್ಮ ಹತ್ರ ಇದೆಯಮ್ಮ. ನಡೆಯೋರದ್ದು, ಸೈಕಲ್‌ನವ್ರದ್ದು ಲೆಕ್ಕ ಇಲ್ಲ. ಲೆಕ್ಕ ಇಲ್ದೆ ಮೇಲಿನವ್ರು ಸಹಿ ಹಾಕಲ್ಲ."

"ಯಾಕಿಲ್ಲ ಲೆಕ್ಕ?"

ಅವನು ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ. "ಯಾರೂ ಕೇಳಿರ್ಲಿಲ್ಲ."

"ಈಗ ಕೇಳಿದೀನಲ್ಲ. ನಾನೇ ತಂದ್ಕೊಡ್ತೀನಿ ಬಿಡಿ."

ಬಟ್ಟೆ ಕತ್ತರಿಸುವ ಮೊದಲು ಅಳತೆ ಬರೆಯುವ ಕಂದು ಕಾಗದವಿತ್ತಲ್ಲ, ಅದನ್ನೇ ಗಾಜಿನ ಪಕ್ಕದ ಮೇಜಿಗೆ ಹಾಸಿ ಗೆರೆ ಎಳೆದಳು. ನಡೆಯುವವರು ಒಂದು ಕಡೆ, ಸೈಕಲ್ಲಿನವರು ಇನ್ನೊಂದು ಕಡೆ. ಕಾಜಾ ಹೊಲಿಯುವ ಕೈ ಹೊಲಿಯುತ್ತಿತ್ತು, ಕಣ್ಣು ರಸ್ತೆಯಲ್ಲಿತ್ತು. ಆಸ್ಪತ್ರೆಯ ಮುಂದಿನ ಸಿಗ್ನಲ್ಲಿಗೆ ಗಡಿಯಾರ ಹಿಡಿಯುವ ಕೆಲಸ ಅಮ್ಮನದು. ಅಮ್ಮನಿಗೆ ಎಪ್ಪತ್ತಾರು, ಮಂಡಿ ನೋವು, ಕೈಯಲ್ಲಿ ಕೋಲು, ಬಾಯಿ ಮಾತ್ರ ಇನ್ನೂ ಇಪ್ಪತ್ತರದ್ದು.

"ನಡೆಯೋರಿಗೆ ಹಸಿರು ದೀಪ ಹದಿನಾಲ್ಕೇ ಸೆಕೆಂಡು ಕಣೆ" ಎಂದಳು ಅಮ್ಮ ಮೊದಲ ದಿನವೇ. "ಹದಿನಾಲ್ಕು ಸೆಕೆಂಡಲ್ಲಿ ನಾನು ಕುರ್ಚಿಯಿಂದ ಎದ್ರೆ ಹೆಚ್ಚು!"

ಹನ್ನೆರಡು ದಿನ ಹೀಗೇ ನಡೆಯಿತು. ಬೆಳಗ್ಗೆ ಎಂಟರಿಂದ ಒಂಬತ್ತರೊಳಗೆ ನಾನೂರಕ್ಕೂ ಹೆಚ್ಚು ಜನ ರಸ್ತೆ ದಾಟುತ್ತಿದ್ದರು. ಅವರಲ್ಲಿ ಅರವತ್ತರಷ್ಟು ಮಂದಿ ದೀಪ ಕೆಂಪಾದಾಗ ಇನ್ನೂ ನಡುರಸ್ತೆಯಲ್ಲಿ, ಜೀವ ಕೈಯಲ್ಲಿ ಹಿಡಿದುಕೊಂಡು. ಕೋಲಿನವರು, ಮಗುವನ್ನು ಎತ್ತಿಕೊಂಡವರು, ಕಟ್ಟು ಹಾಕಿಸಿಕೊಂಡು ಆಸ್ಪತ್ರೆಯಿಂದ ಬಂದವರು.

ಪಕ್ಕದ ಬೇಕರಿಯವನಿಗೆ ಸುದ್ದಿ ಮುಟ್ಟಿತು. ಮೂಲೆಯಲ್ಲಿ ನಿಲ್ಲುತ್ತಿದ್ದ ಕಾರುಗಳು ಹೆಚ್ಚಾಗಿ ಅವನ ಗಿರಾಕಿಗಳವು. ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತ.

"ಕಾರು ಎಲ್ಲಿ ನಿಲ್ಸ್ಲಿ ಅವ್ರು? ನನ್ನ ತಲೆ ಮೇಲಾ?"

"ಹಿಂದಿನ ಬೀದೀಲಿ ಜಾಗ ಇದೆಯಲ್ಲಣ್ಣ. ಎರಡು ನಿಮಿಷ ನಡೀಲಿ."

"ನಡೆಯೋರಾಗಿದ್ರೆ ಕಾರು ಯಾಕೆ ತರ್ತಿದ್ರು? ನನ್ನ ವ್ಯಾಪಾರಕ್ಕೆ ಕಲ್ಲು ಹಾಕ್ಬೇಡ."

"ನಿಮ್ಮ ಅಂಗಡಿಗೆ ಬರೋರನ್ನೂ ಎಣಿಸಿದೀನಿ. ಹತ್ತರಲ್ಲಿ ಎಂಟು ಜನ ನಡ್ಕೊಂಡೇ ಬರ್ತಾರೆ. ಬೇಕಾದ್ರೆ ನೋಡಿ" ಎಂದು ಅವಳು ಕಾಗದ ತಿರುಗಿಸಿದಳು. ಅವನು ನೋಡಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಮಾತೂ ಆಡಲಿಲ್ಲ. ಇಪ್ಪತ್ತು ವರ್ಷದ ನೆರೆಯವನು ಮುಖ ತಿರುಗಿಸಿ ಹೋಗುತ್ತಿದ್ದ. ಅವಳು ಹಲ್ಲು ಕಚ್ಚಿಕೊಂಡು ಹನ್ನೆರಡು ದಿನದ ಎಣಿಕೆ ಮುಗಿಸಿದಳು.

ಕಾಗದದ ಸುರುಳಿ ಕಂಕುಳಲ್ಲಿಟ್ಟುಕೊಂಡು ಕಚೇರಿಗೆ ಮೂರು ಸಲ ಎಡತಾಕಿದಳು. ಮೂರನೆಯ ಸಲ, "ಇದನ್ನ ಓದಿದ್ರೆ ಸಾಲದು ಸಾರ್, ಒಂದ್ಸಲ ಬಂದು ದಾಟಿ ನೋಡಿ" ಎಂದಳು. ಎಂಜಿನಿಯರು ಬಂದ.

ಅಮ್ಮ ಕೋಲು ಬಲಗೈಗೆ ತೆಗೆದುಕೊಂಡು, ಎಡಗೈಯಿಂದ ಅವನ ತೋಳು ಹಿಡಿದಳು. "ನಡಿ ಮಗಾ. ನನ್ನ ಎಳೀಬೇಡ, ನನ್ನ ಜೊತೆ ನಡಿ."

ಹಸಿರು ಬಂತು. ಇಬ್ಬರೂ ಹೊರಟರು. ಟೈಲರಕ್ಕ ಈಚೆ ದಡದಲ್ಲಿ ಗಡಿಯಾರ ಹಿಡಿದು ನಿಂತಳು. ಅರ್ಧ ದಾಟುವಷ್ಟರಲ್ಲಿ ಕೆಂಪು. ಗಾಡಿಗಳು ಒಟ್ಟಿಗೆ ಗುರ್ರೆಂದವು. ಹಾರ್ನಿನ ಮೇಲೆ ಹಾರ್ನು. ಒಂದು ಮೋಟರ್‌ಬೈಕು ಅವರ ಬೆನ್ನು ಸವರಿಕೊಂಡು ಹೋಯಿತು. ಎಂಜಿನಿಯರ ಕಾಲು ಓಡಲು ತುಡಿಯುತ್ತಿದ್ದುದು ಈಚೆಗೂ ಕಾಣುತ್ತಿತ್ತು. ಆದರೆ ತೋಳಿನಲ್ಲಿ ಅಮ್ಮನ ಕೈ ಇತ್ತು. ಅವನು ಫೈಲನ್ನು ಬಾವುಟದಂತೆ ಎತ್ತಿ ಹಿಡಿದು, "ನಿಲ್ಸಿ! ನಿಲ್ಸ್ರೀ!" ಎಂದು ಕೂಗಿದ. ಅಮ್ಮ ತನ್ನ ಪಾಡಿಗೆ ಹೆಜ್ಜೆ ಹಾಕುತ್ತಲೇ ಇದ್ದಳು.

ಆಚೆ ಮುಟ್ಟಿದ ಮೇಲೆ ಅವನು ಕನ್ನಡಕ ತೆಗೆದು ಮುಖ ಒರೆಸಿಕೊಂಡ. ಟೈಲರಕ್ಕ ಮುಂದಿನ ಹಸಿರಿಗೆ ಓಡಿಹೋಗಿ ಸೇರಿಕೊಂಡಾಗ, "ಎಷ್ಟಾಯ್ತು?" ಎಂದು ಕೇಳಿದ.

"ಇಪ್ಪತ್ತಾರು ಸೆಕೆಂಡು."

"ಇಪ್ಪತ್ತೆಂಟು ಬರೀತೀನಿ" ಎಂದ.

ಬರೆದದ್ದು ಆಗಲು ಮೂರು ತಿಂಗಳು ಹಿಡಿಯಿತು. ಹಸಿರು ದೀಪ ಇಪ್ಪತ್ತೆಂಟು ಸೆಕೆಂಡಿಗೆ ಏರಿತು. ಮೂಲೆಯಲ್ಲಿ ಕಾರು ನುಗ್ಗದಂತೆ ಸಾಲಾಗಿ ಕಬ್ಬಿಣದ ಗೂಟ ನೆಟ್ಟರು. ಸೈಕಲ್ಲಿಗೆ ಬೇರೆ ದಾರಿ ಬೇಕೆಂದು ಕೇಳಿದ್ದಕ್ಕೆ ಮಾತ್ರ, "ಮುಂದಿನ ವರ್ಷ ನೋಡೋಣಮ್ಮ" ಎಂಬ ಉತ್ತರ ಬಂತು. "ವರ್ಷದ ಮೊದಲನೇ ದಿನ ಬಂದು ಕೂರ್ತೀನಿ" ಎಂದು ಹೇಳಿಯೇ ಎದ್ದಳು. ಬೇಕರಿಯವನು ಗೂಟಗಳನ್ನು ದಿನಾ ಬೈಯುತ್ತಾನೆ. ಬೈಯುವ ನೆಪದಲ್ಲಾದರೂ ಮಾತು ಶುರುವಾಯಿತು.

ತಂಗಿಯ ಕಾಲು ಕೂಡಿತು. ಕೆಲಸಕ್ಕೆ ಹೊರಡುವ ದಿನ ಬೆಳಗ್ಗೆ ಅವಳು ಸೈಕಲ್ಲಿನ ಗಾಳಿ ಒತ್ತಿ ನೋಡುತ್ತಿದ್ದುದನ್ನು ಕಂಡು ಟೈಲರಕ್ಕ ಹ್ಯಾಂಡಲು ಹಿಡಿದುಕೊಂಡಳು.

"ಪುಟ್ಟೀ, ಬಸ್ಸಲ್ಲಿ ಹೋಗೇ. ನನ್ನ ಮಾತು ಕೇಳು."

"ಅಕ್ಕಾ, ನೀನು ಇಷ್ಟೆಲ್ಲ ಓಡಾಡಿದ್ದು ನಾನು ಬಸ್ಸು ಹತ್ಲಿ ಅಂತಾನಾ?"

ಟೈಲರಕ್ಕ ಮೊದಲೇ ಹೋಗಿ ಮೂಲೆಯಲ್ಲಿ ನಿಂತಳು. ತಂಗಿ ದೂರದಿಂದ ಬರುತ್ತಿದ್ದಳು, ನಿಧಾನಕ್ಕೆ, ಬೆನ್ನು ನೆಟ್ಟಗೆ. ಅದೇ ಹೊತ್ತಿಗೆ ಗಲ್ಲಿಯಿಂದ ಒಂದು ಹಾಲಿನ ವ್ಯಾನು ಮೂತಿ ತೂರಿಸಿತು. ಕೂಗಬೇಕೆಂದು ಅವಳು ಬಾಯಿ ತೆರೆದಳು.

ಡ್ರೈವರು ಬಲಕ್ಕೆ ನೋಡಿದ. ಸೈಕಲ್ಲು ಕಂಡಿತು. ಬ್ರೇಕು ಒತ್ತಿ ನಿಂತ. ತಂಗಿ ಅವನ ಮುಂದಿನಿಂದ ಹಾದು, ಗಂಟೆಯನ್ನೊಮ್ಮೆ ಬಾರಿಸಿ, ರಸ್ತೆ ದಾಟಿ ಆಸ್ಪತ್ರೆಯ ಗೇಟಿನೊಳಗೆ ತಿರುಗಿದಳು. ಹಿಂತಿರುಗಿಯೂ ನೋಡಲಿಲ್ಲ.

ಟೈಲರಕ್ಕ ಗೂಟವೊಂದನ್ನು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದಳು.